ಕಪ್ಪು ಬೀನ್ಸ್ ಮತ್ತು ಹಸಿ ಟೊಮೆಟೊ ಸಾಲ್ಸಾ: ಮಾಂಸವಿಲ್ಲದ ಶುಕ್ರವಾರಕ್ಕೊಂದು ಅಡಿಗೆ ಪಾಠ

ತಪಸ್ಸುಕಾಲದ ಶುಕ್ರವಾರ ಬಂತೆಂದರೆ ಮನೆಯ ಅಡಿಗೆಯ ಹೊಣೆ ಹೊತ್ತವರಿಗೆ ಒಂದೇ ಯೋಚನೆ: ಮಾಂಸವಿಲ್ಲದೆ ಎಲ್ಲರ ಹೊಟ್ಟೆ ತುಂಬಿಸುವುದು ಹೇಗೆ? ಮಾಂಸವರ್ಜನೆಯ ನಿಯಮ ಮೀನಿಗೆ ಅನ್ವಯಿಸುವುದಿಲ್ಲ, ನಿಜ. ಆದರೆ ಕೋಳಿಯನ್ನು ಬಿಟ್ಟು ಅದಕ್ಕಿಂತ ದುಬಾರಿಯಾದ ಅಂಜಲ್ ಮೀನನ್ನು ತಂದು ಹುರಿದರೆ, ಅದನ್ನು ವರ್ಜನೆ ಎನ್ನಲು ನಾಲಿಗೆ ಸ್ವಲ್ಪ ತಡವರಿಸುತ್ತದೆ. ಇದೇ ಪ್ರಶ್ನೆಗೆ ಮೆಕ್ಸಿಕೋ ದೇಶದ ಕಥೋಲಿಕ ಕುಟುಂಬಗಳು ಬಹುಕಾಲದಿಂದ ಒಲೆಯ ಮೇಲೆ ಒಂದು ಮಡಕೆ ಕಾಳನ್ನಿಟ್ಟು ಉತ್ತರ ಕಂಡುಕೊಂಡಿವೆ. ಅಲ್ಲಿ ಬೀನ್ಸ್ ಕಾಳು ತಪಸ್ಸುಕಾಲಕ್ಕೆಂದೇ ಇರುವ ವಿಶೇಷ ಅಡಿಗೆಯಲ್ಲ. ವರ್ಷವಿಡೀ ಬಡವರ ಮನೆಯಲ್ಲೂ ಉಳ್ಳವರ ಮನೆಯಲ್ಲೂ ಬೇಯುವ ನಿತ್ಯದ ಆಹಾರ. ಶುಕ್ರವಾರ ಅದರ ಪಕ್ಕದ ಮಾಂಸ ಇರುವುದಿಲ್ಲ, ಅಷ್ಟೆ.

ಮೊದಲಿಗೆ ಕಾಳಿನ ಪರಿಚಯ. ಕಪ್ಪು ಬೀನ್ಸ್ ಎಂದಾಕ್ಷಣ ಸಿಪ್ಪೆಯಿರುವ ಕರಿ ಉದ್ದನ್ನೋ ಹುರುಳಿಕಾಳನ್ನೋ ನೆನೆಯಬೇಡಿರಿ. ಅವು ಬೇರೆ ಗಿಡಗಳು. ಇದು ನಾವು ರಾಜ್ಮಾ ಎಂದು ಕೊಳ್ಳುವ ಕಾಳಿನ ಜಾತಿಯದೇ. ಆಕಾರದಲ್ಲಿ ಚಿಕ್ಕದು, ಹೊರಗೆ ಇದ್ದಿಲಿನಂತೆ ಕಪ್ಪು, ಒಳಗೆ ಬಿಳಿ. ನಾವು ಪಲ್ಯಕ್ಕೆ ಎಳೆಯದಾಗಿ ಹೆಚ್ಚುವ ಬೀನ್ಸ್ ಕಾಯಿಯೂ ಇದೇ ಜಾತಿಗೆ ಸೇರಿದ್ದೆಂದರೆ ಕೆಲವರಿಗೆ ಆಶ್ಚರ್ಯವಾದೀತು. ಈ ಗಿಡವನ್ನು ಸಾವಿರಾರು ವರ್ಷಗಳ ಹಿಂದೆ ಮೆಕ್ಸಿಕೋ ಮತ್ತು ದಕ್ಷಿಣ ಅಮೆರಿಕದ ಆಂಡೀಸ್ ಪ್ರದೇಶಗಳ ಜನರು ಬೇರೆಬೇರೆಯಾಗಿ ಕೃಷಿಗೆ ತಂದರು. ಮೆಕ್ಸಿಕೋದ ದಕ್ಷಿಣಕ್ಕೆ, ವೆರಾಕ್ರೂಸ್, ವಹಾಕಾ, ಯುಕಟಾನ್ ಕಡೆಗೆ ಕಪ್ಪು ಕಾಳಿಗೇ ಮೊದಲ ಮಣೆ.

ಅಲ್ಲಿಯ ರೈತರ ಹೊಲದ ಹಳೆಯ ಪದ್ಧತಿಗೆ ಮಿಲ್ಪಾ ಎಂದು ಹೆಸರು. ಮೆಕ್ಕೆಜೋಳ, ಬೀನ್ಸ್, ಕುಂಬಳ ಮೂರನ್ನೂ ಒಟ್ಟಿಗೆ ಬಿತ್ತುತ್ತಾರೆ. ಬೀನ್ಸ್ ಬಳ್ಳಿ ಜೋಳದ ದಂಟನ್ನು ಹಿಡಿದು ಮೇಲೇರುತ್ತದೆ. ಅದರ ಬೇರಿನ ಗಂಟುಗಳಲ್ಲಿರುವ ಸೂಕ್ಷ್ಮಜೀವಿಗಳು ಗಾಳಿಯ ಸಾರಜನಕವನ್ನು ಹಿಡಿದಿಡುತ್ತವೆ. ಕುಂಬಳದ ಎಲೆ ನೆಲಕ್ಕೆ ನೆರಳಾಗಿ ಕಳೆಯನ್ನು ತಡೆಯುತ್ತದೆ. ಹೊಲದ ಈ ಸ್ನೇಹ ತಟ್ಟೆಯಲ್ಲೂ ಮುಂದುವರಿಯುತ್ತದೆ. ಜೋಳದಲ್ಲಿ ಕಡಿಮೆಯಿರುವ ಲೈಸಿನ್ ಎಂಬ ಪೋಷಕಾಂಶ ಬೀನ್ಸ್‌ನಲ್ಲಿ ಧಾರಾಳ. ಬೀನ್ಸ್‌ನಲ್ಲಿ ಕೊರತೆಯಾದದ್ದನ್ನು ಜೋಳ ತುಂಬುತ್ತದೆ. ಅನ್ನದ ಜೊತೆ ಬೇಳೆ ಕಲಸಿ ತಿನ್ನುವ ನಮ್ಮ ಊಟದ ಲೆಕ್ಕವೂ ಇದೇ. ಬೆಂದ ಕಪ್ಪು ಬೀನ್ಸ್ ಒಂದು ಕಪ್ಪಿನಲ್ಲಿ ಸುಮಾರು 15 ಗ್ರಾಂ ಪ್ರೋಟೀನ್, ಹೆಚ್ಚುಕಡಿಮೆ ಅಷ್ಟೇ ನಾರು ಇರುತ್ತದೆ.

ಇನ್ನು ಪಾಠದ ಮುಖ್ಯ ವಿಷಯಕ್ಕೆ ಬರೋಣ. ಈ ಅಡಿಗೆಯಲ್ಲಿ ಬೀನ್ಸ್ ಉಂಟು, ಟೊಮೆಟೊ ಉಂಟು. ಎರಡನ್ನೂ ಕುಕ್ಕರಿಗೆ ಒಟ್ಟಿಗೆ ಹಾಕಿ ನಾಲ್ಕು ಸೀಟಿ ಕೂಗಿಸಿದರೆ ಕೆಲಸ ಬೇಗ ಮುಗಿಯುವುದಲ್ಲ ಎಂದು ಯಾರಿಗಾದರೂ ತೋಚೀತು. ಹಾಗೆ ಮಾಡಬಾರದು. ಕಾಳಿನ ಕೋಶಗಳನ್ನು ಒಂದಕ್ಕೊಂದು ಅಂಟಿಸಿರುವ ಪೆಕ್ಟಿನ್ ಎಂಬ ವಸ್ತು ಕರಗಿದರೆ ಮಾತ್ರ ಕಾಳು ಮೆತ್ತಗಾಗುತ್ತದೆ. ಹುಳಿ ಬಿದ್ದ ನೀರಿನಲ್ಲಿ ಅದು ಸುಲಭವಾಗಿ ಕರಗುವುದಿಲ್ಲ. ಬೇಳೆ ಬೆಂದ ಮೇಲೆಯೇ ಹುಣಿಸೆ ಹುಳಿ ಬಿಡಬೇಕೆಂದು ನಮ್ಮ ಅಜ್ಜಿಯಂದಿರು ಹೇಳುತ್ತಿದ್ದುದು ಇದೇ ಕಾರಣಕ್ಕೆ. ಪೆಕ್ಟಿನ್ ಹೆಸರು ಕೇಳದಿದ್ದರೇನು, ಅವರ ಸಾರು ಎಂದೂ ಕೆಡಲಿಲ್ಲ. ಆದುದರಿಂದ ಬೀನ್ಸ್ ಬೇಯುವುದು ಮಡಕೆಯಲ್ಲಿ, ಟೊಮೆಟೊ ಹಸಿಯಾಗಿ ಕಾಯುವುದು ಬಟ್ಟಲಿನಲ್ಲಿ. ಎರಡೂ ಸೇರುವುದು ಊಟದ ತಟ್ಟೆಯಲ್ಲಿ.

ಒಂದು ಲೋಟ, ಅಂದರೆ ಸುಮಾರು 200 ಗ್ರಾಂ ಕಾಳನ್ನು ಆರಿಸಿ, ಕಲ್ಲು ತೆಗೆದು, ಎರಡು ಮೂರು ಸಲ ತೊಳೆಯಿರಿ. ಇದು ನಾಲ್ಕೈದು ಜನರಿಗೆ ನಂಚಿಕೊಳ್ಳಲು ಸಾಕು. ರಾತ್ರಿಯೇ ಧಾರಾಳ ನೀರಿನಲ್ಲಿ ನೆನೆಹಾಕಿರಿ. ಆ ನೀರಿಗೆ ಒಂದು ಚಮಚ ಉಪ್ಪು ಬೆರೆಸಿದರೆ ಸಿಪ್ಪೆ ಮೃದುವಾಗುತ್ತದೆ. ಉಪ್ಪಿನಿಂದ ಕಾಳು ಬೇಯುವುದಿಲ್ಲವೆಂಬ ಹಳೆಯ ಮಾತಿಗೆ ಹೆದರಬೇಕಿಲ್ಲ, ಬೇಯಗೊಡದಿರುವುದು ಹುಳಿ. ಕೊಳವೆಬಾವಿಯ ಗಡಸು ನೀರೂ ಕಾಳನ್ನು ಸತಾಯಿಸುತ್ತದೆ. ಅಂಥ ನೀರಿರುವ ಊರಿನವರು ಕುಡಿಯಲು ತರುವ ಸಿಹಿನೀರನ್ನೇ ಇದಕ್ಕೂ ಬಳಸಿರಿ. ಸೆಕೆಯಲ್ಲಿ ಬಹುಕಾಲ ಡಬ್ಬಿಯಲ್ಲಿ ಕುಳಿತ ಕಾಳು ಮಾತ್ರ ಯಾವ ಉಪಾಯಕ್ಕೂ ಬಗ್ಗದು.

ಬೆಳಿಗ್ಗೆ ನೆನೆಸಿದ ನೀರನ್ನು ಚೆಲ್ಲಿರಿ. ಮೆಕ್ಸಿಕೋದ ಅನೇಕ ಗೃಹಿಣಿಯರು ಕಪ್ಪು ಬೀನ್ಸನ್ನು ನೆನೆಹಾಕದೆ ನೇರವಾಗಿ ಮಡಕೆಗೇ ಹಾಕುತ್ತಾರೆ, ಆ ಕಪ್ಪು ರಸದ ಬಣ್ಣವೂ ರುಚಿಯೂ ಉಳಿಯಲೆಂದು. ಹೊತ್ತಿದ್ದವರು ಹಾಗೂ ಮಾಡಬಹುದು. ಕಾಳಿನ ಮೇಲೆ ನಾಲ್ಕು ಬೆರಳು ನಿಲ್ಲುವಷ್ಟು ಹೊಸ ನೀರು, ಅರ್ಧ ಈರುಳ್ಳಿ, ಜಜ್ಜಿದ ನಾಲ್ಕು ಎಸಳು ಬೆಳ್ಳುಳ್ಳಿ ಸೇರಿಸಿ ಒಲೆಯ ಮೇಲಿಡಿರಿ. ಅಲ್ಲಿ ಎಪಾಸೋತೆ ಎಂಬ ಘಾಟು ವಾಸನೆಯ ಸೊಪ್ಪಿನ ಒಂದು ಕಡ್ಡಿಯನ್ನೂ ಹಾಕುತ್ತಾರೆ, ಹೊಟ್ಟೆ ಉಬ್ಬರಿಸದಿರಲೆಂದು. ಅದು ಸಿಗದಲ್ಲಿ ಕೊತ್ತಂಬರಿಯ ದಂಟು ಪರಿಮಳಕ್ಕಾದೀತು. ಉಬ್ಬರಕ್ಕೆ ಚಿಟಿಕೆ ಇಂಗು ಹಾಕುವ ನಮ್ಮ ಅಭ್ಯಾಸವನ್ನೇ ಇಲ್ಲೂ ಮುಂದುವರಿಸಿದರೆ ತಪ್ಪೇನಿಲ್ಲ.

ಇಲ್ಲಿ ಒಂದು ಎಚ್ಚರಿಕೆಯನ್ನು ತಾಯಂದಿರು ಗಮನಿಸಬೇಕು. ಈ ಜಾತಿಯ ಹಸಿ ಕಾಳುಗಳಲ್ಲಿ, ಕೆಂಪು ರಾಜ್ಮಾದಲ್ಲಿ ಅತಿ ಹೆಚ್ಚಾಗಿ, ಹೊಟ್ಟೆಗೆ ವಿಷದಂತೆ ವರ್ತಿಸುವ ಒಂದು ವಸ್ತುವಿದೆ. ಅರೆಬೆಂದ ಕಾಳು ತಿಂದರೆ ಕೆಲವೇ ಗಂಟೆಗಳಲ್ಲಿ ವಾಂತಿ, ಭೇದಿ ಆರಂಭವಾಗುತ್ತದೆ. ಕೊತಕೊತ ಕುದಿದಾಗ ಆ ವಸ್ತು ನಾಶವಾಗುತ್ತದೆ, ಬರಿ ಬಿಸಿಯಲ್ಲಿ ಗಂಟೆಗಟ್ಟಲೆ ಇಟ್ಟರೆ ನಾಶವಾಗದು. ಆದುದರಿಂದ ತೆರೆದ ಪಾತ್ರೆಯಲ್ಲಿ ಮಾಡುವವರು ಮೊದಲ ಅರ್ಧ ಗಂಟೆ ಚೆನ್ನಾಗಿ ಕುದಿಸಿ, ಆಮೇಲೆ ಉರಿ ತಗ್ಗಿಸಿ ಇನ್ನೊಂದು ಗಂಟೆ ಬೇಯಿಸಿರಿ. ಕುಕ್ಕರಿನಲ್ಲಾದರೆ ಭಯವಿಲ್ಲ, ಮೊದಲ ಸೀಟಿಯ ನಂತರ ಸಣ್ಣ ಉರಿಯಲ್ಲಿ ಕಾಲು ಗಂಟೆ ಸಾಕು. ಕಾಳನ್ನು ನಾಲಿಗೆಯಿಂದ ಅಂಗುಳಕ್ಕೆ ಒತ್ತಿದಾಗ ಬೆಣ್ಣೆಯಂತೆ ಜಾರಿದರೆ ಬೆಂದಿದೆಯೆಂದು ತಿಳಿಯಿರಿ. ಈಗ ರುಚಿಗೆ ಉಪ್ಪು ಸೇರಿಸಿ, ಒಂದು ಸೌಟು ಕಾಳನ್ನು ಮಡಕೆಯ ಬದಿಗೆ ಒತ್ತಿ ಮಸೆದರೆ ರಸ ಗಟ್ಟಿಯಾಗುತ್ತದೆ.

ಸಾಲ್ಸಾ ಎಂದರೆ ಸ್ಪ್ಯಾನಿಷ್ ಭಾಷೆಯಲ್ಲಿ ನಂಚಿಕೊಳ್ಳುವ ರಸ ಎಂದಷ್ಟೇ ಅರ್ಥ. ನಮ್ಮ ಹಸಿ ಗೊಜ್ಜಿನ ದೂರದ ನೆಂಟ ಎನ್ನಬಹುದು. ಅದನ್ನು ಬಲ್ಲವರಲ್ಲಿ ಒಬ್ಬ ಸನ್ಯಾಸಿಯೂ ಇದ್ದರು. 1529ರಲ್ಲಿ ಮೆಕ್ಸಿಕೋಗೆ ಬಂದ ಫ್ರಾನ್ಸಿಸ್ಕನ್ ಸಭೆಯ ಬೆರ್ನಾರ್ದಿನೊ ದೆ ಸಹಗೂನ್ ಅವರು ಅಲ್ಲಿಯ ಜನರ ಭಾಷೆಯಾದ ನಾವಾಟಲ್ ಕಲಿತು, ಊರ ಹಿರಿಯರನ್ನು ಕೇಳಿ ತಿಳಿದು, ಆ ಜನರ ಬದುಕನ್ನು ಹನ್ನೆರಡು ಸಂಪುಟಗಳಲ್ಲಿ ಬರೆಯಿಸಿದರು. ಅದರ ಹಸ್ತಪ್ರತಿ ಇಂದು ಇಟಲಿಯ ಫ್ಲಾರೆನ್ಸ್ ನಗರದಲ್ಲಿದೆ. ಸಂತೆಯಲ್ಲಿ ಟೊಮೆಟೊ ಮಾರುವವರು, ಮೆಣಸಿನಕಾಯಿ ಮತ್ತು ಟೊಮೆಟೊ ಅರೆದ ರಸಗಳನ್ನು ಮಾರುವವರು ಅದರಲ್ಲಿ ಬರುತ್ತಾರೆ. ಜಜ್ಜಿಹೋದ ಕೊಳೆತ ಹಣ್ಣನ್ನು ಗಿರಾಕಿಗೆ ಅಂಟಿಸುವ ಕೆಟ್ಟ ವ್ಯಾಪಾರಿಯೂ ಬರುತ್ತಾನೆ! ಟೊಮೆಟೊ ಎಂಬ ಹೆಸರು ಹುಟ್ಟಿದ್ದೂ ಆ ನಾವಾಟಲ್ ಭಾಷೆಯ ತೊಮಾಟಲ್ ಎಂಬ ಪದದಿಂದಲೇ.

ಈಗಿನ ಸಾಲ್ಸಾದಲ್ಲಿ ಟೊಮೆಟೊ, ಹಸಿಮೆಣಸಿನಕಾಯಿ ಎರಡೂ ಆ ನೆಲದವು. ಈರುಳ್ಳಿ, ಕೊತ್ತಂಬರಿ ಸೊಪ್ಪು, ನಿಂಬೆ ಈ ಮೂರು ಸ್ಪೇನ್ ದೇಶದವರ ಹಡಗಿನಲ್ಲಿ ಅಲ್ಲಿಗೆ ಹೋದವು. ಅದೇ ಕಾಲದಲ್ಲಿ ಮೆಣಸಿನಕಾಯಿ ಪೋರ್ಚುಗೀಸರ ಹಡಗು ಹತ್ತಿ ನಮ್ಮ ಕರಾವಳಿಗೆ ಬಂತು. ನಮ್ಮವರು ತಮಗೆ ಗೊತ್ತಿದ್ದ ಕಾಳುಮೆಣಸಿನ ಹೆಸರನ್ನೇ ಅದಕ್ಕೂ ಕೊಟ್ಟರು. ಮೆಕ್ಸಿಕೋದ ಸಾಲ್ಸಾಕ್ಕೆ ಬೇಕಾದದ್ದೆಲ್ಲ ನಮ್ಮ ಸಂತೆಯಲ್ಲಿ ಒಂದೇ ಕಡೆ ಸಿಗುವುದಕ್ಕೆ ಇದೇ ಕಾರಣ.

ಗಟ್ಟಿಯಾದ, ಚೆನ್ನಾಗಿ ಹಣ್ಣಾದ ಮೂರು ಟೊಮೆಟೊ ತೆಗೆದುಕೊಳ್ಳಿರಿ. ಫ್ರಿಜ್ಜಿನಲ್ಲಿಟ್ಟ ಹಣ್ಣು ಪರಿಮಳ ಕಳೆದುಕೊಂಡಿರುತ್ತದೆ, ಹೊರಗಿಟ್ಟದ್ದೇ ಲೇಸು. ಸಣ್ಣಗೆ ಹೆಚ್ಚಿ, ಅರ್ಧ ಚಮಚ ಉಪ್ಪು ಬೆರೆಸಿ ಹತ್ತು ನಿಮಿಷ ಬಿಡಿರಿ. ಒಂದು ಚಿಕ್ಕ ಈರುಳ್ಳಿಯನ್ನು ಹೆಚ್ಚಿ ತಣ್ಣೀರಿನಲ್ಲಿ ಒಮ್ಮೆ ಜಾಲಿಸಿದರೆ ಖಾರದ ಘಾಟು ಇಳಿಯುತ್ತದೆ. ಒಂದೆರಡು ಹಸಿಮೆಣಸಿನಕಾಯಿ, ಒಂದು ಹಿಡಿ ಕೊತ್ತಂಬರಿ ಸೊಪ್ಪು, ಅರ್ಧ ನಿಂಬೆಯ ರಸ ಸೇರಿಸಿ ಕೈಯಾಡಿಸಿರಿ. ಮಿಕ್ಸಿಗೆ ಹಾಕಬೇಡಿರಿ; ಅರೆದರೆ ಅದು ಬೇರೆಯೇ ಸಾಲ್ಸಾ. ಕೆಂಪು, ಬಿಳಿ, ಹಸಿರು ಬಿಡಿಬಿಡಿಯಾಗಿ ಕಾಣಬೇಕು. ಆ ದೇಶದ ಬಾವುಟದ ಬಣ್ಣಗಳೂ ಅವೇ. ಉಪ್ಪಿಗೆ ಟೊಮೆಟೊ ಬಿಟ್ಟ ರಸವನ್ನು ಚೆಲ್ಲದೆ ಬೀನ್ಸ್ ಮೇಲೆ ಸುರಿಯಿರಿ. ಕಾಳು ಬೆಂದಾಗಿದೆ, ಹುಳಿಗೆ ಈಗ ಸ್ವಾಗತವಿದೆ. ಟೊಮೆಟೊ ಮತ್ತು ನಿಂಬೆಯ ಸಿ ಜೀವಸತ್ವದಿಂದ ಕಾಳಿನಲ್ಲಿರುವ ಕಬ್ಬಿಣದ ಅಂಶ ದೇಹಕ್ಕೆ ಹೆಚ್ಚಾಗಿ ದಕ್ಕುತ್ತದೆ. ರಕ್ತಹೀನತೆಯಿರುವ ಹೆಣ್ಣುಮಕ್ಕಳಿಗೆ ಇದು ಒಳ್ಳೆಯದು.

ಬಿಸಿ ಕಾಳನ್ನು ಬಟ್ಟಲಿಗೆ ಹಾಕಿ, ಮೇಲೆ ಎರಡು ಚಮಚ ಸಾಲ್ಸಾ ಇಟ್ಟು ತಕ್ಷಣ ಬಡಿಸಿರಿ. ಅನ್ನಕ್ಕೂ ಸರಿ, ಜೋಳದ ರೊಟ್ಟಿಗಂತೂ ಹೇಳಿ ಮಾಡಿಸಿದಂತೆ. ಕಪ್ಪು ಬೀನ್ಸ್ ದೊಡ್ಡ ಪಟ್ಟಣದ ಅಂಗಡಿಗಳಲ್ಲಿ ಮಾತ್ರ ಸಿಗುವುದರಿಂದ ಉಳಿದೆಡೆಯವರು ಚಿಕ್ಕ ರಾಜ್ಮಾದಲ್ಲಿ ಮಾಡಬಹುದು. ಅಲಸಂದೆಯಲ್ಲಿ ಮಾಡಿದರೂ ರುಚಿಯೇ, ಆದರೆ ಅದರ ರಸ ಇಷ್ಟು ದಟ್ಟವಾಗಿ ಬರುವುದಿಲ್ಲ. ಮಿಕ್ಕ ಕಾಳನ್ನು ಮರುದಿನ ಒಂದು ಚಮಚ ಎಣ್ಣೆಯಲ್ಲಿ ಮಸೆದು ಹುರಿದು ರೊಟ್ಟಿಗೆ ಸವರಿ ಮಕ್ಕಳ ಬುತ್ತಿಗೆ ಕಟ್ಟಬಹುದು. ಸಾಲ್ಸಾವನ್ನು ಮಾತ್ರ ಉಳಿಸಬೇಡಿರಿ, ಅಂದಂದಿಗೆ ಬೇಕಾದಷ್ಟನ್ನೇ ಹೆಚ್ಚಿಕೊಳ್ಳಿರಿ.