ವಿರೋಧದ ಮುಂದೆ ಸಾತ್ವಿಕವಾದ ಉತ್ತರ

ಪಾಠಭಾಗ: 1 ಪೇತ್ರ 3:13–17, ಮಾರ್ಕ 3:20–35

ಕೆಂಗೇರಿ, ವಿಜಯನಗರ, ರಾಜಾಜಿನಗರ ಮೊದಲಾದ ಬೆಂಗಳೂರಿನ ಪಡುವಣ ಭಾಗಗಳಲ್ಲಿ ನಮ್ಮ ಸಭೆಗಳ ಅನೇಕ ಕುಟುಂಬಗಳು ಒತ್ತೊತ್ತಾದ ಬಾಡಿಗೆಯ ಮನೆಗಳಲ್ಲಿ ವಾಸವಾಗಿವೆ. ನೆರೆಯವರ ಪೂಜೆಯ ಗಂಟೆ ನಮಗೆ ಕೇಳಿಸುತ್ತದೆ. ನಮ್ಮ ಕೀರ್ತನೆ ಅವರಿಗೆ ಕೇಳಿಸುತ್ತದೆ. ಇಂಥಲ್ಲಿ ನಂಬಿಕೆಯನ್ನು ಮುಚ್ಚಿಡುವುದೂ ಆಗದು, ಧ್ವನಿವರ್ಧಕದಿಂದ ಕೂಗುವುದೂ ತಕ್ಕದ್ದಲ್ಲ. ನಮ್ಮ ನಿರೀಕ್ಷೆಯ ಕಾರಣವನ್ನು ವಿಚಾರಿಸುವವರಿಗೆ ಮೃದುವಾಗಿ ಹೇಳಬೇಕೆಂಬುದು ಪೇತ್ರನ ಉಪದೇಶದ ಸಾರ. ವಿಚಾರಿಸದವನ ಬಾಗಿಲಲ್ಲಿ ನಿಂತು ವಾದ ಹೂಡಿರೆಂದು ಅವನು ಹೇಳಲಿಲ್ಲ.

ವಿರೋಧವು ಬೀದಿಗೆ ಬರುವುದಕ್ಕೆ ಮುಂಚೆ ಮನೆಯೊಳಗೆ ಹುಟ್ಟುವುದೇ ಹೆಚ್ಚು. ಈ ನಾಡಿನಲ್ಲಿ ಅದು ಹೊಸದಲ್ಲ. 1844ನೆಯ ಇಸವಿ ಜನವರಿ 6ರಂದು ಮಂಗಳೂರಿನಲ್ಲಿ ಆನಂದರಾವ್ ಕೌಂಡಿನ್ಯರೆಂಬ ಸಾರಸ್ವತ ಬ್ರಾಹ್ಮಣ ಯುವಕರು ಬಾಸೆಲ್ ಮಿಶನಿನಲ್ಲಿ ದೀಕ್ಷಾಸ್ನಾನ ಹೊಂದಿದಾಗ ಪಟ್ಟಣವೆಲ್ಲಾ ಕಲಕಿಹೋಯಿತು. ಅವರು 1846ರಲ್ಲಿ ಬಾಸೆಲಿಗೆ ಹೋಗಿ, 1851ರಲ್ಲಿ ಬೋಧಕರಾಗಿ ಹಿಂದಿರುಗಿ, 1893ರಲ್ಲಿ ತೀರಿಹೋಗುವ ವರೆಗೂ ಸೇವೆಮಾಡಿದರು. ಆದರೆ ಅವರ ಪತ್ನಿಯು ಅವರ ಕೂಡ ಬಾಳಲು ಬರಲಿಲ್ಲ. ಈ ಚರಿತ್ರೆಯನ್ನು ಜಯದ ಕಥೆಯಾಗಿ ಹೇಳುವುದು ನಮ್ಮಲ್ಲಿ ರೂಢಿ. ಗಂಡನು ಜೀವದಿಂದಿರುವಾಗಲೇ ಸಂಸಾರ ಮುಗಿದುಹೋದ ಆ ಹೆಂಗಸಿನ ಗತಿ ಏನಾಯಿತೆಂದು ನಾವು ವಿಚಾರಿಸಿದ್ದು ಕಡಿಮೆ.

ಆದಕಾರಣ ಇಂದು ಒಬ್ಬ ತಂದೆಯು “ನೀನು ನನ್ನ ಮಗನೇ ಅಲ್ಲ” ಎಂದು ಹೇಳಿದರೆ, ಅದನ್ನು ಸೈತಾನನ ಮಾತೆಂದು ಥಟ್ಟನೆ ತೀರ್ಪುಮಾಡಬಾರದು. ಅದು ಅನೇಕವೇಳೆ ದುಃಖದ ಮಾತು. ತಾನು ಸತ್ತರೆ ಉತ್ತರಕ್ರಿಯೆ ಯಾರು ಮಾಡುವರು, ತಂಗಿಯರ ಮದುವೆ ಹೇಗೆ ನಡೆದೀತು ಎಂಬ ಚಿಂತೆ ಅದರೊಳಗಿದೆ. ಕರ್ತನ ಬಂಧುಗಳೇ ಆತನಿಗೆ ಬುದ್ಧಿಭ್ರಮಣೆಯಾಗಿದೆ ಎಂದುಕೊಂಡು ಹಿಡಿದುಕೊಂಡು ಹೋಗಲು ಬಂದರಲ್ಲವೇ? ಆತನು ತನ್ನ ಕೆಲಸವನ್ನು ಬಿಡಲಿಲ್ಲ; ಶಿಲುಬೆಯ ಮೇಲಿದ್ದಾಗ ತಾಯಿಯ ಪೋಷಣೆಯನ್ನೂ ಮರೆಯಲಿಲ್ಲ. ಆಗ ನಂಬದಿದ್ದ ತಮ್ಮನಾದ ಯಾಕೋಬನು ತರುವಾಯ ಯೆರೂಸಲೇಮಿನ ಸಭೆಗೆ ಹಿರಿಯನಾದನು. ಆದರೆ ಅದು ವಾದದಿಂದಾದದ್ದಲ್ಲ, ಒಂದು ದಿನದಲ್ಲಿ ಆದದ್ದೂ ಅಲ್ಲ. ಮನೆಗೆ ಸಂಬಳ ಕೊಡುವುದನ್ನು ನಿಲ್ಲಿಸಿದ ಮಗನ ಸಾಕ್ಷಿಯನ್ನು ಯಾವ ತಂದೆ ಕೇಳುವನು? ಪ್ರಾಯಕ್ಕೆ ಬಾರದ ಮಕ್ಕಳಿಗೆ ತಂದೆತಾಯಿಗಳ ಒಪ್ಪಿಗೆಯಿಲ್ಲದೆ ದೀಕ್ಷಾಸ್ನಾನ ಕೊಡಲೇಬಾರದೆಂಬುದು ನಮ್ಮ ಅಭಿಪ್ರಾಯ.

ನೆರೆಯವರ ದೇವರನ್ನು ಹೀಯಾಳಿಸುವುದು ಸುವಾರ್ತೆಯಲ್ಲ. ಕೌಂಡಿನ್ಯರ ಗುರುಗಳಾದ ಮೋಗ್ಲಿಂಗರು 1848ರಿಂದ ಮುಂದಕ್ಕೆ ಅಚ್ಚುಹಾಕಿಸಿದ ಕನ್ನಡ ಗ್ರಂಥಮಾಲೆಯಲ್ಲಿ ಬಸವಪುರಾಣವೂ ದಾಸರ ಪದಗಳೂ ಸೇರಿವೆ. ಬಸವೇಶ್ವರನಗರದಲ್ಲಿ ವಾಸಮಾಡುತ್ತಾ ಒಂದು ವಚನವನ್ನಾದರೂ ಅರಿಯದೆ ಇರುವ ನಮ್ಮವರಿಗೆ ಇದು ನಾಚಿಕೆಯ ಸಂಗತಿ.

ರಾಜ್ಯಾಂಗದ 25ನೆಯ ವಿಧಿಯು ಧರ್ಮವನ್ನು ಪ್ರಚಾರಮಾಡುವ ಹಕ್ಕನ್ನು ಕೊಟ್ಟಿದೆ. ಆದರೂ ಅದು ಇನ್ನೊಬ್ಬನನ್ನು ಮತಾಂತರಗೊಳಿಸುವ ಹಕ್ಕಲ್ಲವೆಂದು ಸರ್ವೋಚ್ಚ ನ್ಯಾಯಾಲಯವು 1977ರಲ್ಲಿ ತೀರ್ಪಿತ್ತಿತು. ಬಲಾತ್ಕಾರ, ವಂಚನೆ, ಆಮಿಷಗಳನ್ನು ಶಿಕ್ಷಾರ್ಹಮಾಡಿದ ಕಾನೂನು 2022ರಲ್ಲಿ ಕರ್ನಾಟಕದಲ್ಲಿ ಜಾರಿಗೆ ಬಂತು; 2023ರ ಜೂನಿನಲ್ಲಿ ಮಂತ್ರಿಮಂಡಲವು ಅದರ ರದ್ದತಿಗೆ ತೀರ್ಮಾನಿಸಿತು. ಕಾನೂನು ಇರಲಿ ಬಿಡಲಿ, ಹಸಿದವನಿಗೆ ಅಕ್ಕಿ ಕೊಡುವಾಗ ಅದಕ್ಕೆ ಪ್ರತಿಯಾಗಿ ಅವನ ಮನಸ್ಸಾಕ್ಷಿಯನ್ನು ಕೇಳುವವನು ಅಕ್ಕಿಯನ್ನೂ ವಾಕ್ಯವನ್ನೂ ಕೆಡಿಸುತ್ತಾನೆ.

ಇಷ್ಟು ಜಾಗ್ರತೆಯಿಂದಿದ್ದರೂ ಪ್ರಾರ್ಥನೆಯ ಮನೆಗೆ ಜನರು ನುಗ್ಗಿ ಬಂದರೆ? ಕೈಯೆತ್ತಬೇಡಿರಿ, ಮೊದಲು ಹೆಂಗಸರನ್ನೂ ಮಕ್ಕಳನ್ನೂ ಒಳಗೆ ಕಳುಹಿಸಿರಿ. ಪೌಲನು ಕೊರಡೆಯ ಮುಂದೆ ತನ್ನ ರೋಮನ್ ಪೌರತ್ವವನ್ನು ಹೇಳಿಕೊಂಡನು. ಹಾಗೆಯೇ ಪೊಲೀಸ್ ಠಾಣೆಗೆ ದೂರು ಕೊಡುವುದರಲ್ಲಿ ಅಪನಂಬಿಕೆಯೇನೂ ಇಲ್ಲ. ಆದರೆ ನಡೆದದ್ದನ್ನು ನಡೆದಷ್ಟೇ ಬರೆಯಿರಿ. ಅಲ್ಲಿಗೆ ಬಾರದಿದ್ದವನ ಹೆಸರನ್ನು ಹಳೆಯ ಜಗಳದ ನಿಮಿತ್ತ ಸೇರಿಸಬೇಡಿರಿ.