ನೀರನ್ನು ಹಂಚುವ ಇಂಜನಿಯರು

ಇಂಜನಿಯರೆಂದರೆ ಅಣೆಕಟ್ಟನ್ನೋ ಯಂತ್ರವನ್ನೋ ನಿರ್ಮಿಸುವವರೆಂದು ನಾವು ತಿಳಿದಿದ್ದೇವೆ. ಜನ, ಯಂತ್ರ, ಸಾಮಗ್ರಿ, ಕಾಲ ಇವೆಲ್ಲವೂ ಒಂದಕ್ಕೊಂದು ಹೊಂದಿಕೊಂಡು ನಡೆಯುವ ಕ್ರಮವನ್ನೇ ರಚಿಸುವವರೂ ಉಂಟು. ಅವರಿಗೆ ಕೈಗಾರಿಕಾ ಮತ್ತು ವ್ಯವಸ್ಥಾ ಇಂಜನಿಯರುಗಳೆಂದು ಹೆಸರು.

ಆ ಹೆಸರು ಬಳಕೆಗೆ ಬರುವ ಮೊದಲೇ ಶ್ರೀ ಮೋಕ್ಷಗುಂಡಂ ವಿಶ್ವೇಶ್ವರಯ್ಯನವರು ಇಂತಹ ಕಾರ್ಯವೊಂದನ್ನು ಮಾಡಿ ತೋರಿಸಿದರು. 1899ರ ಸುಮಾರಿನಲ್ಲಿ ಅವರು ಮುಂಬಯಿ ಪ್ರಾಂತದ ಪುಣೆ ಕಡೆಯ ಕಾಲುವೆಗಳನ್ನು ನೋಡಿಕೊಳ್ಳುತ್ತಿದ್ದರು. ಅಲ್ಲಿ ಕಬ್ಬು ಬೆಳೆಯುವ ಕೆಲವೇ ಗ್ರಾಮಗಳು ಬಹುಪಾಲು ನೀರನ್ನು ಸೆಳೆದುಕೊಳ್ಳುತ್ತಿದ್ದವು. ಹೊಸ ಕಾಲುವೆಯನ್ನು ತೋಡದೆ, ಇದ್ದ ನೀರನ್ನೇ ಹೆಚ್ಚು ಗ್ರಾಮಗಳಿಗೆ ಹಂಚಿ, ಪ್ರತಿ ಗ್ರಾಮದಲ್ಲಿಯೂ ತಕ್ಕ ಮಣ್ಣುಳ್ಳ, ಗೊತ್ತುಮಾಡಿದ ಜಮೀನಿಗೆ ಮಾತ್ರ ಹಾಯಿಸಿ, ಅಲ್ಲಿ ಕಬ್ಬನ್ನೂ ಇತರ ಬೆಳೆಗಳನ್ನೂ ಸರದಿಯಂತೆ ಬೆಳೆಯಬೇಕೆಂದು ಅವರು ಯೋಜಿಸಿದರು. ಇದೇ ‘ಬ್ಲಾಕ್ ಪದ್ಧತಿ’. ಕಬ್ಬಿನ ರೈತರು ಮೊದಲು ಒಪ್ಪಲಿಲ್ಲ. ಅಣೆಕಟ್ಟು ಕಟ್ಟುವುದಕ್ಕಿಂತ ಇದು ಕಠಿನವೆಂದೇ ನಮ್ಮ ಎಣಿಕೆ, ಕಲ್ಲು ಎದುರಾಡದು.

ಗಣಿತದಲ್ಲಿ ಅಭಿರುಚಿಯುಳ್ಳ ವಿದ್ಯಾರ್ಥಿಗಳು ಮುಂದೆ ಈ ವೃತ್ತಿಯನ್ನು ಹಿಡಿಯಬಹುದು. ಕೆಲಸವು ದೂರದಲ್ಲೇನೂ ಇಲ್ಲ. ನಮ್ಮ ಬೆಳುಗುಪ್ಪ ಮಂಡಲದ ಜೀಡಿಪಲ್ಲಿ ಜಲಾಶಯಕ್ಕೆ ಕೃಷ್ಣೆಯ ನೀರು ಹಂದ್ರಿ-ನೀವಾ ಕಾಲುವೆಯಲ್ಲಿ ಪಂಪುಗಳಿಂದ ಹಂತಹಂತವಾಗಿ ಏರಿ ಬರುತ್ತದೆ. ಯಾವ ಪಂಪು ಎಷ್ಟು ಹೊತ್ತು ನಡೆಯಬೇಕು, ಯಾವ ತೂಬನ್ನು ಯಾವ ದಿನ ತೆರೆದರೆ ಕಾಲುವೆಯ ಕೊನೆಯ ಹೊಲದ ಕಡಲೇಕಾಯಿಗೂ ಬಾಡುವ ಮೊದಲೇ ನೀರು ಮುಟ್ಟೀತು ಎಂಬ ಲೆಕ್ಕವೆಲ್ಲ ಈ ವಿದ್ಯೆಗೇ ಸೇರಿದ್ದು.