ಅದೇ ಮಳೆ, ಬೇರೆ ಬೇರೆ ಊರು

ಮಕ್ಕಳೇ, ಒಂದೇ ದಿನದಲ್ಲಿ 100 ಮಿಲಿಮೀಟರ್ ಮಳೆ ಬಿದ್ದಿತು ಎಂದು ಭಾವಿಸಿ. ಶಿವಮೊಗ್ಗ ಜಿಲ್ಲೆಯ ಆಗುಂಬೆಯಲ್ಲಿ ಜುಲೈ ತಿಂಗಳಾಗಿದ್ದರೆ ಜನ ಎಂದಿನಂತೆ ಗದ್ದೆಗೆ ಹೊರಡುತ್ತಾರೆ. ವಿಜಯಪುರ ಅಥವಾ ರಾಯಚೂರಿನಲ್ಲಾದರೆ ಜನರಿಗೆ ಆತಂಕವಾಗುತ್ತದೆ. ಮಳೆ ಅಷ್ಟೇ ಆದರೂ ಈ ವ್ಯತ್ಯಾಸವೇಕೆ? ಬನ್ನಿ, ತಿಳಿಯೋಣ.

100 ಮಿಲಿಮೀಟರ್ ಎಂದರೆ ಎಷ್ಟು?

ಮಳೆನೀರು ಹರಿಯದೆ, ಇಂಗದೆ ನಿಂತರೆ ಅದರ ಎತ್ತರ 10 ಸೆಂಟಿಮೀಟರ್ ಆಗುತ್ತದೆ. ಅಂದರೆ ಪ್ರತಿ ಚದರ ಮೀಟರ್ ಜಾಗದ ಮೇಲೆ 100 ಲೀಟರ್ ನೀರು! 10 ಚದರ ಮೀಟರಿನ ಚಿಕ್ಕ ಮಾಳಿಗೆಯ ಮೇಲೆ 1,000 ಲೀಟರ್ ಬೀಳುತ್ತದೆ. ಇದರ ತೂಕ 1,000 ಕಿಲೋಗ್ರಾಂ. ಇಷ್ಟು ನೀರನ್ನು ಮನೆ ಬೇಗ ಕೆಳಗಿಳಿಸಬೇಕು, ಇಲ್ಲವೇ ಹೊರಬೇಕು.

ಮಲೆನಾಡಿನ ಮನೆ

ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುತ್ತದೆ. ಅಲ್ಲಿನ ಹಳೆಯ ಮನೆಗಳ ಹೆಂಚಿನ ಮಾಡು ಇಳಿಜಾರಾಗಿರುತ್ತದೆ. ನೀರು ನಿಲ್ಲದೆ ಜಾರಿಹೋಗುತ್ತದೆ. ಸೂರು ಮುಂದಕ್ಕೆ ಚಾಚಿರುವುದರಿಂದ ಗೋಡೆ ನೆನೆಯುವುದಿಲ್ಲ. ಮಳೆಗಾಲಕ್ಕೆ ಮೊದಲೇ ಸೌದೆ, ಹಪ್ಪಳ, ಉಪ್ಪಿನಕಾಯಿ ಒಳಗೆ ಸೇರಿರುತ್ತವೆ. ನಾಟಿ ಮಾಡುವವರು ಬೆನ್ನಿಗೆ ಗೊರಬು ಹಾಕಿಕೊಳ್ಳುತ್ತಿದ್ದರು.

ಬಯಲುಸೀಮೆಯ ಮನೆ

ವಿಜಯಪುರ, ರಾಯಚೂರುಗಳಲ್ಲಿ ವರ್ಷವಿಡೀ ಬೀಳುವ ಮಳೆ ಸುಮಾರು 600 ಮಿಲಿಮೀಟರ್ ಮಾತ್ರ. ಅಲ್ಲಿನ ಜನರಿಗೆ ಮುಖ್ಯ ಸವಾಲು ಬೇಸಿಗೆಯ ಬಿಸಿಲು. ಹಾಗಾಗಿ ದಪ್ಪ ಮಣ್ಣಿನ ಗೋಡೆ ಕಟ್ಟಿ, ಮೇಲೆ ಮಣ್ಣು ಹೊದಿಸಿದ ಸಮತಟ್ಟಾದ ಮಾಳಿಗೆ ಹಾಕಿದರು. ದಪ್ಪ ಮಣ್ಣಿನ ಮೂಲಕ ಶಾಖ ನಿಧಾನವಾಗಿ ಸಾಗುತ್ತದೆ. ಆದ್ದರಿಂದ ಮಧ್ಯಾಹ್ನದಲ್ಲೂ ಒಳಗೆ ತಂಪು. ಬಿಸಿಲಿಗೆ ಇದು ಬಹಳ ಜಾಣತನದ ಮನೆ.

ನೋಡಿದಿರಾ? ಪ್ರತಿ ಊರಿನವರೂ ತಮಗೆ ರೂಢಿಯಾದ ಹವೆಗೆ ತಕ್ಕಂತೆ ಸಿದ್ಧರಾಗಿರುತ್ತಾರೆ. ಆದರೆ ರೂಢಿಯಿಲ್ಲದ ಹವೆ ಬಂದರೆ?

2009ರಲ್ಲಿ ಏನಾಯಿತು?

2009ರ ಸೆಪ್ಟೆಂಬರ್ ಕೊನೆ ಮತ್ತು ಅಕ್ಟೋಬರ್ ಆರಂಭದಲ್ಲಿ ಉತ್ತರ ಕರ್ನಾಟಕದಲ್ಲಿ ಕೆಲವು ದಿನ ಎಡೆಬಿಡದೆ ಮಳೆ ಸುರಿಯಿತು. ಮಣ್ಣಿನ ಮಾಳಿಗೆಗಳು ನೀರು ಕುಡಿದು ಭಾರವಾದವು. ನೆನೆದ ಗೋಡೆಗಳು ಬಲ ಕಳೆದುಕೊಂಡವು. ನದಿ, ಹಳ್ಳಗಳೂ ಉಕ್ಕಿದವು. ರಾಜ್ಯದಲ್ಲಿ 200ಕ್ಕೂ ಹೆಚ್ಚು ಜನ ಪ್ರಾಣ ಕಳೆದುಕೊಂಡರು. ಅವರಲ್ಲಿ ಅನೇಕರು ಸತ್ತದ್ದು ಮನೆ ಕುಸಿದು. ಬಿಸಿಲಿನಿಂದ ಕಾಪಾಡುತ್ತಿದ್ದ ಮನೆಯೇ ಮಳೆಯಲ್ಲಿ ಅಪಾಯ ತಂದಿತು.

ಮಳೆಗೆ ಒಗ್ಗಿಕೊಂಡವರೂ ನಿಶ್ಚಿಂತರಲ್ಲ. 2018ರ ಆಗಸ್ಟಿನಲ್ಲಿ ಕೊಡಗಿನಲ್ಲಿ ಭಾರಿ ಮಳೆಗೆ ಗುಡ್ಡಗಳೇ ಜರಿದು ಮನೆಗಳ ಮೇಲೆ ಬಿದ್ದವು. ರೂಢಿ ಎಂಬುದು ಒಂದು ಮಿತಿಯವರೆಗೆ ಮಾತ್ರ ಕಾಪಾಡುತ್ತದೆ.

ಒಡಿಶಾ ಕಲಿತ ಪಾಠ

ಹಾಗಾದರೆ ಮಾಡುವುದೇನು? ಒಡಿಶಾದ ಕರಾವಳಿಯನ್ನು ನೋಡಿ. 1999ರ ಅಕ್ಟೋಬರ್ 29ರಂದು ಅಲ್ಲಿಗೆ ಮಹಾ ಚಂಡಮಾರುತ ಬಂದಿತು. ಬಿರುಗಾಳಿ ಸಮುದ್ರದ ನೀರನ್ನು ಊರಿನೊಳಕ್ಕೆ ತಳ್ಳಿತು. ಸುಮಾರು 10,000 ಜನ ಸತ್ತರು. ಆಶ್ರಯ ಪಡೆಯಲು ಗಟ್ಟಿ ಕಟ್ಟಡಗಳು ಬಹಳ ಕಡಿಮೆ ಇದ್ದವು.

ಆಮೇಲೆ ಕಂಬಗಳ ಮೇಲೆ ನಿಂತ ಎತ್ತರದ ಆಶ್ರಯ ಕಟ್ಟಡಗಳನ್ನು ಕಟ್ಟಿದರು. ಅಂಥ ಎಷ್ಟೋ ಕಟ್ಟಡಗಳಲ್ಲಿ ಉಳಿದ ದಿನ ಶಾಲೆ ನಡೆಯುತ್ತದೆ! ಮುನ್ನೆಚ್ಚರಿಕೆ ಬಂದೊಡನೆ ಮನೆಮನೆಗೆ ಸುದ್ದಿ ಮುಟ್ಟಿಸಲು ಹಳ್ಳಿಯ ಯುವಕ ಯುವತಿಯರಿಗೆ ತರಬೇತಿ ಕೊಟ್ಟರು. 2013ರ ಅಕ್ಟೋಬರಿನಲ್ಲಿ 'ಫೈಲಿನ್' ಎಂಬ ಪ್ರಬಲ ಚಂಡಮಾರುತ ಬಂದಾಗ ಸುಮಾರು 10 ಲಕ್ಷ ಜನರನ್ನು ಮೊದಲೇ ಸುರಕ್ಷಿತ ಸ್ಥಳಕ್ಕೆ ಸಾಗಿಸಲಾಯಿತು. ಈ ಬಾರಿ ಸತ್ತವರ ಸಂಖ್ಯೆ ನೂರನ್ನೂ ಮುಟ್ಟಲಿಲ್ಲ. ಗಾಳಿಯನ್ನು ಯಾರೂ ತಡೆಯಲಿಲ್ಲ, ನಿಜ. ಆದರೆ ಜನ ಅದರ ದಾರಿಯಿಂದ ಸರಿದು ನಿಂತರು.

ಬಣ್ಣಗಳ ಎಚ್ಚರಿಕೆ

ಭಾರತ ಹವಾಮಾನ ಇಲಾಖೆ ಬಣ್ಣಗಳ ಮೂಲಕ ಎಚ್ಚರಿಕೆ ಕೊಡುತ್ತದೆ.
• ಹಳದಿ: ಗಮನವಿಡಿ.
• ಕಿತ್ತಳೆ: ಸಿದ್ಧರಾಗಿರಿ.
• ಕೆಂಪು: ಕೂಡಲೇ ಕ್ರಮ ಕೈಗೊಳ್ಳಿ.

ರೇಡಿಯೋ, ಟಿ.ವಿ.ಗಳಲ್ಲಿ ಇದನ್ನು ಕೇಳಿದಾಗ ಮನೆಯ ಹಿರಿಯರಿಗೆ ತಿಳಿಸಿ. "ನಮ್ಮೂರಿಗೆ ಅಂಥ ಮಳೆ ಬರೋದಿಲ್ಲ ಬಿಡು" ಎಂದು ಯಾರಾದರೂ ಹೇಳಿದರೆ 2009ರ ಸಂಗತಿ ನೆನಪಿಸಿ. ಹಲವು ದಿನ ಮಳೆ ಹಿಡಿದಾಗ ಬಿರುಕು ಬಿಟ್ಟ ಮಣ್ಣಿನ ಗೋಡೆಯ ಪಕ್ಕ ಮಲಗಬೇಡಿ.

ಮಾಡಿ ನೋಡಿ

ತೂತಿಲ್ಲದ ಒಂದು ತೆಂಗಿನ ಚಿಪ್ಪಿನಲ್ಲಿ ಒಣಮಣ್ಣು ತುಂಬಿ ತೂಗಿ. ಈಗ ಸ್ವಲ್ಪ ಸ್ವಲ್ಪವೇ ನೀರು ಹಾಕಿ, ಮಣ್ಣು ಪೂರ್ತಿ ನೆಂದ ಮೇಲೆ ಮತ್ತೆ ತೂಗಿ. ತೂಕ ಎಷ್ಟು ಹೆಚ್ಚಿತು? ಚಿಪ್ಪಿನ ಬದಲು ಇಡೀ ಮಾಳಿಗೆಯಾಗಿದ್ದರೆ ತೊಲೆಗಳ ಮೇಲೆ ಎಷ್ಟು ಭಾರ ಬೀಳುತ್ತಿತ್ತು, ಯೋಚಿಸಿ.

ಕೇಳಿ ತಿಳಿಯಿರಿ

1. ನಿಮ್ಮ ಊರಿನ ಹಳೆಯ ಮನೆಗಳ ಮಾಡು ಹೇಗಿದೆ? ಯಾವ ಹವೆಗೆ ಅದು ಹೊಂದುತ್ತದೆ?
2. ನಿಮ್ಮ ಅಜ್ಜಿ, ತಾತ ನೋಡಿದ ಅತಿ ದೊಡ್ಡ ಮಳೆ ಯಾವುದು? ಆಗ ಅವರು ಏನು ಮಾಡಿದರು?
3. ನೆರೆ ಬಂದರೆ ನಿಮ್ಮ ಊರಿನವರು ಸೇರಬಹುದಾದ ಎತ್ತರದ, ಗಟ್ಟಿಯಾದ ಕಟ್ಟಡ ಯಾವುದು?

ಮೂರನೆಯ ಪ್ರಶ್ನೆಯ ಉತ್ತರವನ್ನು ತರಗತಿಯಲ್ಲಿ ಎಲ್ಲರೂ ಚರ್ಚಿಸಿ, ಮನೆಯವರಿಗೂ ಹೇಳಿ.